ಕ್ಲಿನಿಕ್ಕಿನ ಮುಂದೆ ಐವತ್ತೆಂಟು ಕಾರು

ನ್ಯಾಶ್‌ವಿಲ್ ಪಕ್ಕದ ಊರಿನ ವೆಂಡಲ್, ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ, ತಾನು ಹುಟ್ಟಿದ್ದೇ ಷೇರುಗಳನ್ನು ಪರೀಕ್ಷಿಸುವುದಕ್ಕೆಂದು ಕಂಡುಕೊಂಡ. (ಅಂಚೆ ಇಲಾಖೆಗೆ ಮೂವತ್ತು ವರ್ಷ ಇದು ತಿಳಿಯಲೇ ಇಲ್ಲ.) ಈಗ ಅವನ ಕಣ್ಣು ಬಿದ್ದದ್ದು ಊರೂರಲ್ಲಿ ಕ್ಲಿನಿಕ್ ತೆರೆದು ನಷ್ಟದಲ್ಲಿ ಏದುಸಿರು ಬಿಡುತ್ತಿದ್ದ ಒಂದು ಕಂಪನಿಯ ಮೇಲೆ. ಹಣವೋ, ಹಿತ್ತಿಲ ಜಗಲಿಗೆ ಸೊಳ್ಳೆಪರದೆ ಹಾಕಿಸಲೆಂದು ಹೆಂಡತಿ ಲೊರೀನ್ ಕೂಡಿಟ್ಟಿದ್ದ ಆರು ಸಾವಿರ ಡಾಲರು.

"ನಲವತ್ತೆರಡು ಡಾಲರಿದ್ದ ಷೇರು ಮೂರಕ್ಕೆ ಇಳಿದಿದೆ ಕಣೇ! ಇನ್ನೆಲ್ಲಿಗೆ ಇಳಿಯತ್ತೆ?"

"ಎರಡಕ್ಕೆ," ಎಂದಳು ಲೊರೀನ್, ಹಿಟ್ಟು ನಾದುತ್ತ. "ಆಮೇಲೆ ಒಂದಕ್ಕೆ. ನಿಂಗೆ ಲೆಕ್ಕ ಹೇಳ್ಕೊಟ್ಟ ಪುಣ್ಯಾತ್ಮ ಯಾರು?"

"ಕಂಪನಿ ವರದಿ ಯಾರು ಬೇಕಾದ್ರೂ ಓದ್ತಾರೆ. ನಾನು ಕಣ್ಣಾರೆ ನೋಡಿ ಕೊಳ್ಳೋನು."

ಕಣ್ಣಾರೆ ನೋಡುವುದೆಂದರೆ, ಕ್ಲಿನಿಕ್ಕಿನ ಎದುರು ರಸ್ತೆಯಾಚೆ ಪಿಕಪ್ ನಿಲ್ಲಿಸಿ, ದುರ್ಬೀನು ಹಿಡಿದು, ಅಲ್ಲಿ ನಿಂತ ಕಾರುಗಳನ್ನು ಎಣಿಸುವ ಮಹಾಸಂಶೋಧನೆ. ಮೂರು ಶುಕ್ರವಾರ ಎಣಿಸಿದ. (ಉಳಿದ ದಿನ ಅವನಿಗೆ ಕ್ಲಬ್ಬಿನಲ್ಲಿ ಚೆಂಡುರುಳಿಸುವ ಬೌಲಿಂಗ್ ಆಟ ಇತ್ತು.) ಮೂರನೆಯ ಸಲ ಐವತ್ತೆಂಟು ಕಾರು! ಜಾಗ ಸಿಗದೆ ಇನ್ನೂ ನಾಲ್ಕು ಕಾರು ಸುತ್ತು ಹೊಡೆಯುತ್ತಿದ್ದವು. ತನ್ನ ಟೆನ್ನೆಸೀ ರಾಜ್ಯದ ಜನರ ಅನಾರೋಗ್ಯ ಕಂಡು ಅವನ ಹೃದಯ ತುಂಬಿ ಬಂತು. ಕೂತಲ್ಲಿಂದಲೇ ದಲ್ಲಾಳಿಗೆ ಫೋನು ಮಾಡಿ ಆರು ಸಾವಿರವನ್ನೂ ಆ ಷೇರಿಗೆ ಸುರಿದುಬಿಟ್ಟ.

ಮನೆಗೆ ಬಂದು ಪರದೆಯಿಲ್ಲದ ಹಿತ್ತಿಲ ಜಗಲಿಯಲ್ಲಿ ಕೂತಿದ್ದಾಗ ಲೊರೀನಳ ಕಾರು ಬಂತು. ಇಳಿದು ಬಂದವಳ ಕೈಯಲ್ಲಿ ಎಣ್ಣೆ ಬಸಿಯುವ ಪೊಟ್ಟಣ.

"ನಾನೂ ಹೋಗಿದ್ದೆ, ನಿನ್ನ ಕ್ಲಿನಿಕ್ಕಿಗೆ. ಒಳಗೇ."

"ಎಷ್ಟು ಜನ ಇದ್ರು?"

"ಒಬ್ಬಳು. ಕೌಂಟರಿನೋಳು. ಉಗುರಿಗೆ ಬಣ್ಣ ಹಚ್ಕೋತಿದ್ಲು."

"ಮತ್ತೆ ಅಷ್ಟೊಂದು ಕಾರು?"

"ಪಕ್ಕದ ಕ್ಯಾಥೊಲಿಕ್ ಚರ್ಚಿನೋರು. ಈಸ್ಟರ್ ಬರೋತನಕ ಶುಕ್ರವಾರ ಅವರು ಮಾಂಸ ಮುಟ್ಟಲ್ಲ, ಮೀನಾದ್ರೆ ಪರವಾಗಿಲ್ವಂತೆ, ಅದನ್ನೇ ಕರಿದು ಮಾರ್ತಾರೆ. ಊರಿಗೆ ಊರೇ ಅಲ್ಲಿರತ್ತೆ. ನಾವು ಬ್ಯಾಪ್ಟಿಸ್ಟರು, ನಮ್ಮ ಪಂಗಡದಲ್ಲಿ ಆ ಪದ್ಧತಿ ಇಲ್ಲ, ನಿಂಗೆಲ್ಲಿ ಗೊತ್ತಾಗ್ಬೇಕು? ಕ್ಲಿನಿಕ್ಕಿನೋರೇ 'ನಮ್ಮಲ್ಲಿ ಹೇಗೂ ಖಾಲಿ, ನಿಲ್ಲಿಸ್ಕೊಳ್ಳಿ' ಅಂದಿದಾರಂತೆ. ಸದ್ಯ, ನೀನಿನ್ನೂ ಕೊಂಡಿಲ್ವಲ್ಲ!"

ವೆಂಡಲ್ ತನ್ನ ಬೂಟಿನ ತುದಿಯನ್ನೇ ನೋಡಿದ.

"ಎಷ್ಟಕ್ಕೆ ಕೊಂಡೆ?"

"ಅಷ್ಟಕ್ಕೂ."

ಲೊರೀನ್ ಕೂಗಾಡಲಿಲ್ಲ. ಮೀನಿನ ಪೊಟ್ಟಣದೊಂದಿಗೆ ಒಳಗೆ ನಡೆದು ಬಾಗಿಲಿಗೆ ಚಿಲಕ ಹಾಕಿಕೊಂಡಳು.

"ಲೊರೀನ್! ನನ್ನೂಟ?"

"ನಿಂದಿರ್ಲಿ, ಮೊದಲು ಸೊಳ್ಳೆಗಳದಾಗ್ಲಿ," ಕಿಟಕಿಯಿಂದ ಉತ್ತರ ಬಂತು. "ಶುಕ್ರವಾರ ಮಾಂಸ ಮುಟ್ಟಬಾರ್ದು ಅನ್ನೋ ನೇಮ ಅವಕ್ಕಿಲ್ಲ."