ವಕೀಲರ ರೇಡಿಯೋ, ಆಚಾರ್ರ ನರ

ದವಾಖಾನೆಗೆ ಬರುವವರು ನೋವನ್ನಷ್ಟೇ ತರುವುದಿಲ್ಲ, ಅದು ಯಾರಿಂದ ಬಂತು ಅನ್ನುವುದನ್ನೂ ಗೊತ್ತುಮಾಡಿಕೊಂಡೇ ಬರುತ್ತಾರೆ. ನಿಜಾಮರ ಕಾಲದಲ್ಲಿ ನಾನು ಸೇಡಂನಲ್ಲಿ ಕಂಪೌಂಡರ್ ಆಗಿದ್ದಾಗ ಸೊಂಟನೋವಿಗೆಲ್ಲ ಸೊಸೆಯಂದಿರೇ ಕಾರಣ. ವಕೀಲರೊಬ್ಬರು ಹೈದರಾಬಾದಿನಿಂದ ರೇಡಿಯೋ ತಂದ ಮೇಲೆ ಸೊಸೆಯಂದಿರಿಗೆ ಸ್ವಲ್ಪ ಬಿಡುವು ಸಿಕ್ಕಿತು.

೧. ಹವಾದ ಹಾದಿ

ವಕೀಲರು ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ತಂತಿ ಬಿಗಿದರು. ಅವರ ಗೋಡೆಗೆ ಹತ್ತಿದ ಮನೆ, ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುವ ಆಚಾರ್ರದು. ತಿಂಗಳೊಳಗೆ ಆಚಾರ್ರು ದವಾಖಾನೆಗೆ ಬಂದರು. ಬಲಗಡೆ ಕುತ್ತಿಗೆಯಿಂದ ಬೆರಳ ತುದಿಯವರೆಗೆ ನರ ಚುರುಚುರು ಅನ್ನುತ್ತದೆ, ಲೇಖನಿ ಹಿಡಿಯಲು ಆಗುತ್ತಿಲ್ಲ, ಹೊಟ್ಟೆಪಾಡು ಹೇಗೆ ಅಂದರು.

"ಮಾತು ಹವಾದಾಗಿಂದ ಬರ್ತದಂತ. ಬರೂ ಹಾದ್ಯಾಗ ನಾ ಕುಂತೀನಿ. ನನ್ನ ತೂರಿಕೊಂಡೇ ಹೋಗಬೇಕಲ್ರಿ?"

ಡಾಕ್ಟರರು ಅವರ ಕುತ್ತಿಗೆ ಒತ್ತಿ ನೋಡಿದರು. ತಿಕ್ಕಿಕೊಳ್ಳಲು ಎಣ್ಣೆ ಕೊಡಿಸಿದರು. ಆಚಾರ್ರು ಶೀಶೆ ಮೂಸಿ, ಇದನ್ನು ಕಲಸುವಾಗ ವಕೀಲರು ಈ ಕಡೆ ಬಂದಿದ್ದರೇ ಎಂದು ನನ್ನನ್ನು ಕೇಳಿದರು.

೨. ಸಾಬೀತು

ವಕೀಲರು ರೇಡಿಯೋಕ್ಕೆ ಬೀಗ ಹಾಕಿ ಎಂಟು ದಿನ ಚಿತ್ತಾಪುರಕ್ಕೆ ಮದುವೆಗೆ ಹೋದರು. ಆಚಾರ್ರ ನೋವು ಅರ್ಧಕ್ಕೆ ಇಳಿಯಿತು. ವಕೀಲರು ಬಂದರು, ನೋವೂ ಬಂತು. ಈಗ ಡಾಕ್ಟರರಿಗೂ ಗುಮಾನಿ ಹತ್ತಿತು. ನಾನಂತೂ ವಕೀಲರ ಮನೆ ದಾಟುವಾಗ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ.

ರೇಡಿಯೋ ಜಪ್ತಿ ಮಾಡಿಸಲು ತಹಸೀಲ್ದಾರರಿಗೆ ಅರ್ಜಿ ಕೊಡುತ್ತೇನೆ ಎಂದು ಆಚಾರ್ರು ಹೊರಟರು. ಧಾರಾಳ ಕೊಡಿ ಎಂದೆ. ಅವರು ಕಾಗದವನ್ನು ನನ್ನ ಮುಂದೆ ಸರಿಸಿದರು.

"ಕೈ ಭಾಳ ನೋಯ್ಲಿಕತ್ತದ. ನೀವೇ ಬರೀರಿ."

೩. ಗೋಡೆಯ ಗೂಡು

ಅರ್ಜಿ ಬರೆಯುವ ಮೊದಲು, ರೇಡಿಯೋ ಹಚ್ಚಿದ ಹೊತ್ತಿಗೆ ಹೋಗಿ ನೋಡಿ ಬಾ ಎಂದು ಡಾಕ್ಟರರು ನನ್ನನ್ನು ಕಳಿಸಿದರು. ಸಂಜೆ ಹೋದೆ. ಆಚಾರ್ರ ಹೆಂಡತಿ ಒಳಕೋಣೆ ತೋರಿಸಿದರು. ಆಚಾರ್ರು ಒಂದು ಪೆಟ್ಟಿಗೆಯ ಮೇಲೆ ಕೂತು, ದೀಪ ಇಡುವ ಗೂಡಿನೊಳಗೆ ತಲೆ ತೂರಿಸಿ, ಬಲಗಿವಿಯನ್ನು ವಕೀಲರ ಗೋಡೆಗೆ ಒತ್ತಿ ಹಿಡಿದಿದ್ದರು. ಕುತ್ತಿಗೆ ಕುಡಗೋಲಿನ ಹಾಗೆ ಬಾಗಿತ್ತು. ನನ್ನನ್ನು ಕಂಡು ಎಡಗೈ ಎತ್ತಿದರು.

"ಸುಮ್ಮ ಕುಂದ್ರಿ. ಸುದ್ದಿ ಬರ್ಲಿಕತ್ತದ."

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ರೇಡಿಯೋ ಬಂದಾಗಿನಿಂದ, ದಿನಾ ಎರಡು ತಾಸು ಅಂದರು.

ಡಾಕ್ಟರರು ತಾವೇ ವಕೀಲರ ಹತ್ತಿರ ಹೋಗಿ, ರೇಡಿಯೋ ಜೋರಾಗಿ ಹಚ್ಚಿರಿ, ಒಬ್ಬರ ಕೈ ಉಳಿಯುತ್ತದೆ ಎಂದು ಹೇಳಿ ಬಂದರು. ವಕೀಲರು ಒಳ್ಳೆಯವರು, ಒಪ್ಪಿದರು. ಆಚಾರ್ರು ತಮ್ಮ ಕಟ್ಟೆಯ ಮೇಲೆ ನೆಟ್ಟಗೆ ಕೂತು ಕೇಳತೊಡಗಿದರು. ತಿಂಗಳಲ್ಲಿ ಚುರುಚುರು ನಿಂತಿತು, ಬೆರಳು ಲೇಖನಿ ಹಿಡಿದವು.

ಖುಷಿಯಾಗಿದ್ದಾರು ಅಂದುಕೊಂಡೆ. ಒಂದು ಮುಂಜಾನೆ ದವಾಖಾನೆಗೆ ಬಂದು, ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ ಅಂದರು:

"ನೋವು ಹೋತು, ಖರೆ. ಆದ್ರ ವಕೀಲ ಈಗ ಇಷ್ಟು ಜೋರ ಹಚ್ತಾನಂದ್ರ, ಮೊದಲ ಸಣ್ಣಗ ಹಚ್ಚಿದಾಗ ನನ್ನ ಬಗ್ಗೆ ಏನು ಹೇಳ್ತಿತ್ತದು?"