ಎಲ್ಲರಿಗೂ ಐದು-ಒಂಬತ್ತು-ಒಂಬತ್ತು

ಹವ್ಯಾಸಿ ರೇಡಿಯೊ ಸ್ಪರ್ಧಾ ಸಮಿತಿಯ ಅಧ್ಯಕ್ಷರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಶ್ರವಣಶಕ್ತಿಯ ತುತ್ತತುದಿ ಮುಟ್ಟಿರುವ ತಮಗೂ, ತಮ್ಮಷ್ಟೇ ಚುರುಕು ಕಿವಿಯ ಸಮಿತಿಯ ಸಕಲ ಸದಸ್ಯರಿಗೂ ಸಾಷ್ಟಾಂಗ ನಮಸ್ಕಾರಗಳು. ಈ ವರ್ಷದ ಮೋರ್ಸ್ ಸ್ಪರ್ಧೆಯನ್ನು ಅದ್ಧೂರಿಯಾಗಿ ನಡೆಸಿ, ಕೊನೆಯಲ್ಲಿ ನನ್ನ ಅಕ್ಕನಿಗೆ ಕಿವಿ ಮಂದವೆಂದು ತಾವು ಕೊಟ್ಟ ತೀರ್ಪಿಗಾಗಿ ಅಭಿನಂದಿಸಲು ಈ ಪತ್ರ. ಖಾಸಗಿಯಾಗಿ ಬರೆದದ್ದು ತಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಬಹಿರಂಗವಾಗಿ ಕೂಗುತ್ತಿದ್ದೇನೆ.

ಈ ವಿದ್ಯೆಯ ಗಂಧಗಾಳಿ ಇಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ರೇಡಿಯೊದಲ್ಲಿ ಒಬ್ಬರ ಸದ್ದು ಇನ್ನೊಬ್ಬರಿಗೆ ಹೇಗೆ ಕೇಳಿಸುತ್ತಿದೆ ಎಂಬುದನ್ನು ಮೂರು ಅಂಕಿಗಳಲ್ಲಿ ತಿಳಿಸುವ ಕ್ರಮವಿದೆ: ಸ್ಪಷ್ಟತೆಗೆ ಐದರವರೆಗೆ, ಬಲಕ್ಕೂ ನಾದಕ್ಕೂ ಒಂಬತ್ತರವರೆಗೆ. ಐದು-ಒಂಬತ್ತು-ಒಂಬತ್ತು ಎಂದರೆ ಪಕ್ಕದಲ್ಲೇ ಕೂತು ಮಾತಾಡಿದಂತಿದೆ ಎಂದರ್ಥ. ತಮ್ಮ ಸ್ಪರ್ಧೆಗಳಲ್ಲಿ ಆ ಅಂಕಿ ಕಂಪ್ಯೂಟರಿನ ಗುಂಡಿಯೊಂದರಲ್ಲಿ ಮೊದಲೇ ಕೂತಿರುತ್ತದೆ. ಕೇಳಿಸಲಿ ಬಿಡಲಿ, ಅದನ್ನೊತ್ತಿ ‘ನಿಮ್ಮ ಸದ್ದು ಅಮೋಘ’ ಎಂದು ಸಾರಿ, ಅದೇ ಉಸಿರಿನಲ್ಲಿ ‘ಅಂದಹಾಗೆ ಯಾರು ತಾವು, ಇನ್ನೊಮ್ಮೆ ಹೇಳಿ’ ಎಂದು ಕೇಳುವ ಶಿಷ್ಟಾಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕನಿಗೆ ಇದು ಒಗ್ಗಲಿಲ್ಲ. ಅವಳು ಹಲ್ಲಿನ ವೈದ್ಯೆ, ಹುಳುಕನ್ನು ಹುಳುಕೆಂದೇ ಹೇಳಿ ರೂಢಿ. ಒಡೆದ ಹಡಗಿನಿಂದ ಬಂದ, ಮೋರ್ಸ್ ಸಂಕೇತ ಕುಟ್ಟುವ ಹಿತ್ತಾಳೆಯ ಕೀಯನ್ನು ಕ್ಲಿನಿಕ್ಕಿನ ಹಿಂದಿನ ಕೋಣೆಯ ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ್ದಾಳೆ. ಅದರ ಹಿಡಿ ಅವಳ ಬೆರಳಿಗೆ ಸವೆದು ನುಣುಪಾಗಿದೆ. ಜೊತೆಗಿರುವ ಹಳೆಯ ವಾಲ್ವು ರೇಡಿಯೊ ಸೆಟ್ಟು ಬಿಸಿಯಾಗುವಷ್ಟರಲ್ಲಿ ಒಂದು ದವಡೆ ಹಲ್ಲು ಕಿತ್ತು ಬರಬಹುದು.

ಸ್ಪರ್ಧೆಯ ದಿನ ನಮ್ಮ ಗೆಳೆಯರಾದ ಗಡಿಯಾರ ರಿಪೇರಿಯವರ ಆಂಟೆನಾ ತಂತಿ ಕಳಚಿಕೊಂಡು, ನೆರೆಮನೆಯ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಒದ್ದೆ ಬೆಡ್‌ಶೀಟುಗಳ ನಡುವೆ ಬಿದ್ದಿತ್ತು. ಆ ಸ್ಥಿತಿಯಲ್ಲೂ ಉತ್ತರಿಸಿದವರೆಲ್ಲ ಅವರಿಗೆ ಐದು-ಒಂಬತ್ತು-ಒಂಬತ್ತು ದಯಪಾಲಿಸಿದರು; ಆ ಪುಣ್ಯವಂತರಲ್ಲಿ ತಾವೂ ಒಬ್ಬರು. ಅಕ್ಕ ಮಾತ್ರ ಹೆಡ್‌ಫೋನನ್ನು ಕಿವಿಗೊತ್ತಿ ಹಿಡಿದು, ಎರಡು-ಎರಡು-ಒಂಬತ್ತು ಕೊಟ್ಟು, ತಂತಿ ನೋಡಿಕೊಳ್ಳಿ ಎಂದು ಕುಟ್ಟಿದಳು. ಅವರು ಹೋಗಿ ನೋಡಿ, ಎತ್ತಿ ಕಟ್ಟಿ, ಆಮೇಲೆ ಫೋನ್ ಮಾಡಿ, ‘ಡಾಕ್ಟ್ರೇ, ನೀವೊಬ್ರು ಹೇಳ್ದೆ ಹೋಗಿದ್ರೆ ಸಂಜೆವರೆಗೂ ಬೆಡ್‌ಶೀಟಿಗೇ ಮೋರ್ಸ್ ಕಲಿಸ್ತಿದ್ದೆ’ ಎಂದರು.

ತಮ್ಮ ಸಮಿತಿಯ ಘನ ವಿವೇಕಕ್ಕೆ ಬೇರೆಯೇ ಸತ್ಯ ಹೊಳೆಯಿತು. ಎಲ್ಲರಿಗೂ ಚೆನ್ನಾಗಿ ಕೇಳಿಸಿದ್ದು ಒಬ್ಬಳಿಗೆ ಕೇಳಿಸಲಿಲ್ಲವೆಂದರೆ ದೋಷ ಅವಳ ಕಿವಿಯದೇ ಎಂದು ಬಗೆದು, ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟು, ಕಟ್ಟು ಹಾಕಿಸಿದ ‘ದೀರ್ಘ ಸೇವೆ’ಯ ಪ್ರಶಸ್ತಿಪತ್ರದ ಜೊತೆ ‘ಇನ್ನು ಕೀಯನ್ನು ಶೋಕೇಸಿನಲ್ಲಿಟ್ಟು ವಿಶ್ರಮಿಸಿ’ ಎಂಬ ಸಲಹೆಯನ್ನೂ ಕಳಿಸಿದಿರಿ. ಗಡಿಯಾರದವರು ಕೊಟ್ಟ ಸಾಕ್ಷಿಯನ್ನು ಅವಧಿ ಮೀರಿದೆಯೆಂದು ತಳ್ಳಿಹಾಕಿದಿರಿ. ಅಕ್ಕ ಕಿವಿ ಪರೀಕ್ಷೆ ಮಾಡಿಸಿಕೊಂಡಳು. ಕಿವಿ ಚೆನ್ನಾಗಿದೆ ಎಂದ ವೈದ್ಯರನ್ನೂ ಅವಳು ನಂಬಲಿಲ್ಲ. ಈಗ ಕೀ ಮೇಲೆ ಟವೆಲ್ ಮುಚ್ಚಿದ್ದಾಳೆ, ಕುಕ್ಕರ್ ಕೂಗಿದರೆ ‘ಎಷ್ಟು ಸಲ ಕೂಗ್ತೋ?’ ಎಂದು ನನ್ನನ್ನು ಕೇಳುತ್ತಾಳೆ.

ಆದ್ದರಿಂದ ತಮ್ಮ ಪದ್ಧತಿಯನ್ನು ಎಲ್ಲೆಡೆಗೂ ವಿಸ್ತರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಥರ್ಮಾಮೀಟರುಗಳಲ್ಲಿ ಒಂದೇ ಗೆರೆ ಕೊರೆಸಿ ಜ್ವರವನ್ನು ನಾಡಿನಿಂದ ಓಡಿಸಿರಿ. ಮಕ್ಕಳಿಗೆಲ್ಲ ನೂರಕ್ಕೆ ನೂರು ಕೊಟ್ಟು, ಆಮೇಲೆ ಹೆಸರು ಕೇಳುವಂತೆ ಶಾಲೆಗಳಿಗೆ ಆಜ್ಞಾಪಿಸಿರಿ. ಅಕ್ಕನ ರೋಗಿಗಳ ಹಲ್ಲುಗಳಿಗೂ ಬಾಯಿ ತೆರೆಸುವ ಮುಂಚೆಯೇ ಐದು-ಒಂಬತ್ತು-ಒಂಬತ್ತು ಮಂಜೂರು ಮಾಡಿರಿ. ಇವೆಲ್ಲ ಕಷ್ಟವೆನಿಸಿದರೆ, ‘ಅಂದು ನಿಮಗೆ ಸರಿಯಾಗಿಯೇ ಕೇಳಿಸಿತ್ತು’ ಎಂದು ಅವಳಿಗೆ ಒಂದು ಸಾಲು ಬರೆದರೆ ಸಾಕು. ಇದೊಂದನ್ನು ಮಾತ್ರ ನಾನು ತಮಾಷೆಗೆ ಕೇಳುತ್ತಿಲ್ಲ.

ತಮ್ಮ ಕಿವಿಗಳ ಮೇಲೆ ಅಪಾರ ಭರವಸೆಯಿಟ್ಟ
ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರ ತಮ್ಮ

ತಾ.ಕ.: ಮೊನ್ನೆ ತಾವು ಹೊಸ ಸೆಟ್ಟು ಕೊಂಡ ಸಂಭ್ರಮದಲ್ಲಿ, ತಮ್ಮ ಸದ್ದು ಹೇಗಿದೆಯೆಂದು ಎಲ್ಲರನ್ನೂ ಕೇಳುತ್ತಿದ್ದಿರಿ. ಅಕ್ಕನಿಂದಲೇ ಮೋರ್ಸ್ ಕಲಿತ ನಾನು ಕೀ ಮೇಲಿನ ಟವೆಲ್ ಸರಿಸಿ ಅವಳ ಸೆಟ್ಟಿನ ಮುಂದೆ ಕೂತಿದ್ದೆ, ಅವಳು ನನ್ನ ಹಿಂದೆ ನಿಂತಿದ್ದಳು. ತಮ್ಮ ಸದ್ದಿನೊಳಗೆ ಗುಂಯ್‌ಗುಟ್ಟುವ ಒಂದು ಗೊರಗೊರ. ಒಳಗೇನೋ ಸುಡುತ್ತಿದೆಯೆಂದು ಅವಳಿಗೆ ತಕ್ಷಣ ತಿಳಿದದ್ದು ಮುಖದಲ್ಲೇ ಕಂಡಿತು. ಕೈ ಕೀವರೆಗೂ ಬಂತು. ಆಮೇಲೆ ಹಿಂದಕ್ಕೆ ತೆಗೆದುಕೊಂಡು, ‘ಚೆನ್ನಾಗಿದೆ ಅಂತ ಹೇಳಿಬಿಡೋ, ನಮಗ್ಯಾಕೆ’ ಎಂದು ಒಳಗೆ ಹೋದಳು. ಜೀವಮಾನದಲ್ಲಿ ಅವಳು ಅಂಥ ಮಾತಾಡಿದ್ದು ಅದೇ ಮೊದಲು. ಅಕ್ಕನ ಮಾತು ಮೀರದೆ ನಾನೂ ತಮಗೆ ಹಾಗೆಯೇ ಹೇಳಿದ್ದೇನೆ.