ಕೋಟು ಒಗೆಯಲು ಹೋದ ದಿನ

ನಮ್ಮ ಊರಿನ ನೀರು ಸರಬರಾಜು ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಒಂದು ದಿನವೂ ಗೈರುಹಾಜರಾದವರಲ್ಲ. ವಾಸ ಮಾತ್ರ ಗುಲಬರ್ಗಾದಲ್ಲಿ. ಅವರ ಕರಿ ಕೋಟು ನಮ್ಮಲ್ಲಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಕೋಟಿದ್ದರೆ ಸಾಹೇಬರು ಇದ್ದಂತೆ. ಕಚೇರಿಗಳಲ್ಲಿ ಇದು ನಡೆದುಬಂದ ಪದ್ಧತಿ.

ನಳದ ವಾಲ್ವು ತಿರುಗಿಸುವ ಅಧಿಕಾರ ಇಂಜಿನಿಯರರಿಗೆ ಮಾತ್ರ ಇತ್ತು. ಆದಕಾರಣ ಜವಾನ ಜಟ್ಟೆಪ್ಪ ದಿನಾ ನಸುಕಿನಲ್ಲಿ ಯಾರೂ ಹೇಳದೆಯೇ ಕೋಟು ತೊಟ್ಟು ಇಂಜಿನಿಯರಾಗುತ್ತಿದ್ದ, ನೀರು ಬಿಡುತ್ತಿದ್ದ, ಕೋಟು ಕಳಚಿ ಜವಾನನಾಗಿ ಕಸ ಗುಡಿಸುತ್ತಿದ್ದ. ಕೋಟು ತೊಟ್ಟು ಗುಡಿಸಿದರೆ ಹುದ್ದೆಗೆ ಅವಮಾನ. ತೊಡದೆ ವಾಲ್ವು ಮುಟ್ಟಿದರೆ ಅಪರಾಧ.

ಊರಿನ ಸಿಮೆಂಟ್ ಕಾರ್ಖಾನೆಯ ಧೂಳಿಗೆ ಕೋಟು ಬೆಳ್ಳಗಾಯಿತು. ಗುಮಾಸ್ತ ದೇವಿಂದ್ರಪ್ಪ ಅದನ್ನು ಬಟ್ಟೆ ಒಗೆಯುವ ಲಾಲಪ್ಪನಿಗೆ ಕಳಿಸಿ, ‘ಒಗೆಯಲು ಹೋದ ಕೋಟನ್ನು ರಜೆಯ ಮೇಲಿದೆಯೆಂದು ಭಾವಿಸತಕ್ಕದ್ದು’ ಎಂದು ಗೋಡೆಗೆ ಅಂಟಿಸಿದ.

ಮರುದಿನ ನಳದಲ್ಲಿ ನೀರು ಬರಲಿಲ್ಲ. ಸ್ಟೇಷನ್ ಹಮಾಲರಿಗೆ ಊಟ ಹಾಕುತ್ತಿದ್ದ ಯಂಕಮ್ಮನ ಖಾನಾವಳಿಯಲ್ಲಿ ಒಲೆ ಹತ್ತಲಿಲ್ಲ. ಎದುರಿನ ಹೋಟೆಲಿಗೆ ಸ್ವಂತ ಬಾವಿಯಿತ್ತು. ಹಮಾಲರು ಆಗಲೇ ಆ ಕಡೆ ನೋಡುತ್ತಿದ್ದರು. ಯಂಕಮ್ಮ ಕಚೇರಿಗೆ ನುಗ್ಗಿದಳು.

“ನೀರ್ ಯಾಕ ಬಿಟ್ಟಿಲ್ಲೋ ಜಟ್ಟೆಪ್ಪಾ?”

“ಸಾಹೇಬ್ರು ಒಗ್ಯಾಕ ಹೋಗ್ಯಾರ ಯಕ್ಕಾ.”

“ಲಾಲಪ್ಪ ಯಾವಾಗ ಒಗಿತಾನಂತ?”

“ನೀರ್ ಬಂದ ಕೂಡ್ಲೆ.”

“ಹಂಗಾದ್ರ ಕೋಟಿಲ್ದ ತಿರುವು!”

“ಅಯ್ಯ! ನಾಳಿ ಕೋಟ್ ಹಾಕ್ಕೊಂಡ್ ಮ್ಯಾಲ ನನ್ನ ನಾನಽ ಸಸ್ಪೆಂಡ್ ಮಾಡ್ಬೇಕಾಗ್ತದ. ಹೆಂಡ್ರು ಮಕ್ಕಳು ಅದಾರ ಯಕ್ಕಾ, ನನ್ನ ಸಿಟ್ಟು ಭಾಳ ಕೆಟ್ಟದ.”

ಯಂಕಮ್ಮ ನೇರ ಲಾಲಪ್ಪನ ಮನೆಗೆ ಹೋಗಿ, ಮೈಲಿಗೆ ಬಟ್ಟೆಯ ಗಂಟು ಬಿಚ್ಚಿ, ಸೀರೆಯ ಮೇಲೆ ಆ ಹೊಲಸು ಕೋಟು ತೊಟ್ಟು ಮರಳಿ ಬಂದಳು.

“ರಜಾ ಮುರದು ಹಾಜರಾಗೀನಿ,” ಎಂದಳು.

ದೇವಿಂದ್ರಪ್ಪ ಎದ್ದು ನಿಂತ. “ನಮಸ್ಕಾರ್ರಿ ಸಾಹೇಬ್ರ. ಚಾ ತರಸ್ಲೇನ್ರಿ?”

“ನೀರಿಲ್ದ ಎಲ್ಲಿ ಚಾ? ವಾಲ್ವಿನ ಕೀಲಿ ಕೊಡು.”

ನೀರು ಬಂತು. ಒಲೆ ಹತ್ತಿತು. ಹಮಾಲರು ಬಂದು ಕುಳಿತರು.

ನೀರಿನ ದೂರು ಕೇಳಿ ಮಧ್ಯಾಹ್ನದ ರೈಲಿಗೆ ನಿಜವಾದ ಸಾಹೇಬರು ಅರ್ಧ ತೋಳಿನ ಅಂಗಿಯಲ್ಲಿ ಇಳಿದರು. ಬಾಗಿಲಲ್ಲಿ ಜಟ್ಟೆಪ್ಪ ಅಡ್ಡ ನಿಂತ. “ಯಾರ್ ಬೇಕ್ರಿ?”

“ನಾನೇ ಇಂಜಿನಿಯರ್!”

ಜಟ್ಟೆಪ್ಪ ಅವರನ್ನು ಕನಿಕರದಿಂದ ನೋಡಿದ. “ಸಾಹೇಬ್ರು ರೊಟ್ಟಿ ಬಡ್ಯಾಕತ್ತಾರ್ರಿ. ಖಾನಾವಳಿಗಿ ಹೋಗ್ರಿ.”

ಸಾಹೇಬರು ಹೋದರು. ಕೋಟಿನ ತೋಳು ಮೇಲೇರಿಸಿ ಯಂಕಮ್ಮ ರೊಟ್ಟಿ ಬಡಿಯುತ್ತಿದ್ದಳು. “ಕುಂದ್ರಿ. ಮೊದ್ಲು ಊಟ, ಆಮ್ಯಾಲ ತಕರಾರು.”

ಪುಂಡಿಪಲ್ಯೆಯ ಜೊತೆ ರೊಟ್ಟಿ ಉಂಡು ಸಾಹೇಬರು ಅವಳ ಮೈಮೇಲಿನ ಕೋಟು ನೋಡಿದರು. ಕೈ ತೊಳೆದುಕೊಂಡು, ಸಂಜೆಯ ರೈಲಿಗೆ ಗುಲಬರ್ಗಾಕ್ಕೆ ಮರಳಲು ಅಪ್ಪಣೆ ಕೇಳಿದರು.

ಯಂಕಮ್ಮ ಮಂಜೂರು ಮಾಡಿದಳು.